ಋಣಾನುಬಂಧ ಮತ್ತು ಮದ್ದು: ಕನ್ನಡ ಕಥನಗಳಲ್ಲಿ ಜನ್ಮಾಂತರದ ಪ್ರೇಮ

ಪ್ರೇಮವು ಒಂದು ಜನ್ಮಕ್ಕೆ ಮುಗಿಯುವುದಿಲ್ಲ ಎಂಬ ನಂಬಿಕೆಯೂ, ಪ್ರೇಮವನ್ನು ಮಾಟದಿಂದ ಹುಟ್ಟಿಸಬಹುದು ಎಂಬ ನಂಬಿಕೆಯೂ ಕನ್ನಡ ಜನಪದರಲ್ಲಿ ಜೊತೆಜೊತೆಯಾಗಿಯೇ ಬೆಳೆದುಬಂದಿವೆ. ಮೊದಲನೆಯದನ್ನು ‘ಋಣಾನುಬಂಧ’ ಎಂದೂ ಎರಡನೆಯದನ್ನು ‘ಮದ್ದು ಹಾಕುವುದು’, ‘ವಶೀಕರಣ’ ಎಂದೂ ಕರೆಯಲಾಗುತ್ತದೆ. ಎರಡೂ ವಿವರಿಸಹೊರಟಿರುವುದು ಕಾರಣ ತಿಳಿಯದ ಸೆಳೆತವೆಂಬ ಒಂದೇ ಅನುಭವವನ್ನು. ಯಾವ ಸೆಳೆತಕ್ಕೆ ಯಾವ ಹೆಸರು ಎಂಬುದನ್ನು ನಿರ್ಧರಿಸುವುದು ಸಮಾಜದ ಒಪ್ಪಿಗೆ. ಹಿರಿಯರು ಕೂಡಿಸಿದ ಮದುವೆ ಋಣಾನುಬಂಧವೆನಿಸುತ್ತದೆ. ಮನೆಯವರು ಒಪ್ಪದ ಹೆಣ್ಣಿನ ಕಡೆಗೆ ಮಗ ವಾಲಿದರೆ ಅವಳು ಮದ್ದು ಹಾಕಿದಳೆಂಬ ಮಾತು ಹುಟ್ಟುತ್ತದೆ.

ಶಿಷ್ಟ ಕಾವ್ಯಗಳಲ್ಲಿಯೂ ಈ ಭೇದವನ್ನು ಗುರುತಿಸಬಹುದು. ಬಾಣನ ಸಂಸ್ಕೃತ ಗದ್ಯಕಾವ್ಯವನ್ನು ಆಧರಿಸಿ ಒಂದನೆಯ ನಾಗವರ್ಮನು ರಚಿಸಿದ ‘ಕರ್ಣಾಟಕ ಕಾದಂಬರಿ’ ಜನ್ಮಾಂತರ ಪ್ರೇಮದ ಪ್ರಮುಖ ಕೃತಿ. ಮಹಾಶ್ವೇತೆಯ ವಿರಹದಲ್ಲಿ ಮಡಿದ ಪುಂಡರೀಕನು ವೈಶಂಪಾಯನನಾಗಿ ಮರುಹುಟ್ಟು ಪಡೆದು ಆಕೆಯ ಬಳಿಗೆ ಬರುತ್ತಾನೆ. ಆತನನ್ನು ಗುರುತಿಸದ ಆಕೆಯ ಶಾಪದಿಂದಲೇ ಗಿಳಿಯಾಗುತ್ತಾನೆ. ಮನುಷ್ಯನನ್ನು ಪಕ್ಷಿಯಾಗಿಸುವ ಶಕ್ತಿ ಜನಪದ ಕಥೆಗಳಲ್ಲಿ ಮಾಟಗಾತಿಯದು. ಆದರೆ ಕಾವ್ಯವು ಮಹಾಶ್ವೇತೆಯನ್ನು ತಪಸ್ವಿನಿಯೆಂದೇ ಗೌರವಿಸುತ್ತದೆ. ಅವಳ ಪ್ರೇಮಕ್ಕೆ ಜನ್ಮಾಂತರದ ಸಮ್ಮತಿಯಿದೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ (1209) ಇದಕ್ಕೆ ವಿರುದ್ಧವಾದ ಚಿತ್ರವಿದೆ. ಮಾವುತನ ಹಾಡಿಗೆ ಮನಸೋತ ರಾಣಿ ಅಮೃತಮತಿಯ ಒಲವಿಗೆ ಯಾವ ಪೂರ್ವಜನ್ಮದ ಆಸರೆಯೂ ದೊರೆಯುವುದಿಲ್ಲ. ಇಲ್ಲಿ ಭವದಿಂದ ಭವಕ್ಕೆ ಅಲೆಯುವವರು ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರ ಮತ್ತು ಅವನ ತಾಯಿ. ಅವರ ಭವಾವಳಿಗೆ ಕಾರಣ ಪ್ರೇಮವಲ್ಲ, ಹಿಂಸೆಯ ಸಂಕಲ್ಪ.

ಜನಪದ ಕಥೆಯು ಈ ಎರಡು ಹೆಸರುಗಳ ನಡುವಿನ ಗೆರೆಯನ್ನೇ ಅಳಿಸಬಲ್ಲದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಕನ್ನಡ ಜನಪದ ಕಥೆಗಳನ್ನು ಆಧರಿಸಿ ಗಿರೀಶ ಕಾರ್ನಾಡರು ಬರೆದ ‘ನಾಗಮಂಡಲ’ದಲ್ಲಿ ರಾಣಿಗೆ ಕುರುಡವ್ವ ಕೊಡುವುದು ವಶೀಕರಣದ ಬೇರು. ಗಂಡನಿಗೆಂದು ಸಿದ್ಧಪಡಿಸಿದ ಸಾರು ಹುತ್ತವನ್ನು ಸೇರಿ ನಾಗ ಅವಳಿಗೆ ಒಲಿಯುತ್ತಾನೆ. ಗರ್ಭಿಣಿಯಾದ ಅವಳು ಊರವರ ಮುಂದೆ ಹಾವನ್ನು ಹಿಡಿದು ಆಣೆ ಮಾಡಬೇಕಾಗುತ್ತದೆ. ಶಿಕ್ಷೆಗೆ ಕಾದಿದ್ದ ಜನರೇ ಕೊನೆಗೆ ಅವಳನ್ನು ದೇವಿಯೆಂದು ಪೂಜಿಸುತ್ತಾರೆ. ಮದ್ದು ಹಾಕಿದವಳು ಮತ್ತು ದೇವಿ ಒಬ್ಬಳೇ; ಬದಲಾದದ್ದು ನೋಡುವವರ ದೃಷ್ಟಿ.

ಕನ್ನಡ ಚಲನಚಿತ್ರವೂ ಈ ಆಶಯಗಳನ್ನು ಮುಂದುವರಿಸಿತು. ‘ನಾ ನಿನ್ನ ಬಿಡಲಾರೆ’ಯಲ್ಲಿ (1979) ತಾನು ಬಯಸಿದ ಪುರುಷನನ್ನು ಸತ್ತ ಮೇಲೂ ಬಿಡದ ಹೆಣ್ಣಿದ್ದರೆ, ‘ಆಪ್ತಮಿತ್ರ’ದಲ್ಲಿ (2004) ಪ್ರಿಯಕರನನ್ನು ಕಳೆದುಕೊಂಡ ನರ್ತಕಿ ನಾಗವಲ್ಲಿಯ ಕಥೆ ಮತ್ತೊಬ್ಬ ಹೆಣ್ಣಿನ ಮನಸ್ಸನ್ನು ಆವರಿಸುತ್ತದೆ. ಎರಡನೆಯ ಚಿತ್ರ ಪ್ರೇತದ ಜಾಗದಲ್ಲಿ ಮನೋವಿಜ್ಞಾನದ ವಿವರಣೆಯನ್ನು ತಂದರೂ ಅತೃಪ್ತ ಪ್ರೇಮದ ಭಯವನ್ನು ಹೆಣ್ಣಿನ ದೇಹದಲ್ಲಿಯೇ ಇರಿಸಿತು.

ನಗರದ ಮೌಖಿಕ ಪರಂಪರೆಯಲ್ಲಿ ಇದೇ ಭಯ ಬಾಗಿಲಿಗೆ ಬಂದಿತು. 1990ರ ದಶಕದಲ್ಲಿ ಬೆಂಗಳೂರಿನಲ್ಲಿ ಹರಡಿದ ವದಂತಿಯಂತೆ, ರಾತ್ರಿ ಪರಿಚಿತರ ದನಿಯಲ್ಲಿ ಕರೆಯುವ ಹೆಣ್ಣು ದೆವ್ವಕ್ಕೆ ಬಾಗಿಲು ತೆರೆದರೆ ಸಾವು ಖಚಿತ. ಜನರು ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ಅವಳು ಗಂಡನನ್ನು ಹುಡುಕುತ್ತಿರುವ ಮದುಮಗಳೆಂಬ ಪಾಠಾಂತರವೂ ಇದೆ. ಪಶ್ಚಿಮ ಬೆಂಗಳೂರಿನ ವಿಜಯನಗರ, ಚಂದ್ರಾ ಲೇಔಟ್, ನಾಗರಭಾವಿಗಳು ಹಳ್ಳಿಗಳ ನೆಲದ ಮೇಲೆ ಬೆಳೆದು, ಹಲವು ಜಿಲ್ಲೆಗಳವರಿಗೆ ಮನೆಯಾದ ಬಡಾವಣೆಗಳು. ಊರಿನಲ್ಲಿ ಹುಣಿಸೆಮರಕ್ಕೋ ಸ್ಮಶಾನಕ್ಕೋ ಸೇರಿದ್ದ ದೆವ್ವ ಇಂತಹ ನಗರದಲ್ಲಿ ಮನೆಯ ಹೊಸ್ತಿಲಿಗೆ ಸ್ಥಳಾಂತರಗೊಂಡದ್ದು ಗಮನಾರ್ಹ. ಆ ಬರಹ ಮದುಮಗಳನ್ನು ಓಡಿಸುವುದಿಲ್ಲ. ಅವಳ ಬೇಡಿಕೆಯನ್ನು ದಿನದಿನವೂ ಮುಂದೂಡುತ್ತದೆ.

ಇವು ಕೇವಲ ಕಥೆಗಳಾಗಿ ಉಳಿಯುವುದಿಲ್ಲ. ಮಾಟದ ಆರೋಪ ಹೊತ್ತವರು ಬಹಿಷ್ಕಾರ, ಹಲ್ಲೆಗಳನ್ನು ಅನುಭವಿಸಿದ್ದಾರೆ. ಕರ್ನಾಟಕವು 2017ರಲ್ಲಿ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರವನ್ನು ಪ್ರತಿಬಂಧಿಸುವ ಶಾಸನವನ್ನು ರೂಪಿಸಿತು. ಅದು 2020ರಲ್ಲಿ ಜಾರಿಗೆ ಬಂದಿತು. ಕಾನೂನು ಕೃತ್ಯವನ್ನು ತಡೆಯಬಲ್ಲದು. ಕೃತ್ಯಕ್ಕೆ ಮೊದಲು ಹುಟ್ಟುವ ಹೆಸರನ್ನು ತಡೆಯುವುದು ಅದಕ್ಕೆ ಕಷ್ಟ. ಆದುದರಿಂದ ಇಂತಹ ಕಥನಗಳನ್ನು ಸಂಗ್ರಹಿಸುವಾಗ ಏನು ನಡೆಯಿತು ಎಂಬುದರ ಜೊತೆಗೆ, ಅದನ್ನು ಋಣವೆಂದವರು ಯಾರು, ಮದ್ದೆಂದವರು ಯಾರು ಎಂಬುದನ್ನೂ ದಾಖಲಿಸುವುದು ಅಗತ್ಯ.