ಅಡಿಗೆಮನೆಯ ಸಿಂಕು ಮತ್ತು ಮನೆಯವರ ಆರೋಗ್ಯ

ಸಿಂಕಿನಲ್ಲಿ ನೀರು ನಿಂತರೆ ಅದು ಪ್ಲಂಬರನ ಕೆಲಸವೇ ಹೊರತು ಆರೋಗ್ಯದ ವಿಷಯವಲ್ಲವೆಂದು ಅನೇಕರು ಭಾವಿಸುವುದುಂಟು. ಆದರೆ ಮುಸುರೆ ನೀರು ನಿಂತೆಡೆ ದುರ್ವಾಸನೆಯೂ ಜಿರಲೆಗಳೂ ತಪ್ಪಿದ್ದಲ್ಲ. ಅದಕ್ಕಿಂತ ಮಿಗಿಲಾದ ಅಪಾಯವು, ಅವಸರದಿಂದ ನಾವು ಸುರಿಯುವ ರಾಸಾಯನಿಕಗಳಲ್ಲಿ ಅಡಗಿದೆ.

ಸಿಂಕಿನ ಅಡಿಯಲ್ಲಿ ಜೋಡಿಸುವ ಕಸ ಅರೆಯುವ ಯಂತ್ರವನ್ನು 1927ರಲ್ಲಿ ಅಮೆರಿಕದ ರೇಸೀನ್ ಪಟ್ಟಣದ ವಾಸ್ತುಶಿಲ್ಪಿ ಜಾನ್ ಹ್ಯಾಮ್ಸ್ ರೂಪಿಸಿದರು. ಚರಂಡಿಗಳಿಗೆ ಹೊರೆಯಾದೀತೆಂದು ನ್ಯೂಯಾರ್ಕ್ ನಗರದ ಬಹುಭಾಗದಲ್ಲಿ ಇದಕ್ಕಿದ್ದ ನಿಷೇಧವು ತೆರವಾದದ್ದು 1997ರಲ್ಲಿ. ಇಂದು ನಮ್ಮ ಮಹಾನಗರಗಳ ಕೆಲವು ಫ್ಲ್ಯಾಟುಗಳಲ್ಲಿಯೂ ಇದನ್ನು ಕಾಣಬಹುದು. ಇದರೊಳಗಿನ ತಟ್ಟೆಯು ವೇಗವಾಗಿ ತಿರುಗಿ, ಕಸವನ್ನು ಸುತ್ತಲಿನ ಒರಟು ಉಂಗುರಕ್ಕೆ ಒತ್ತಿ ಅರೆಯುತ್ತದೆ. ಅರೆಯುತ್ತದೆಯೇ ಹೊರತು ಕರಗಿಸುವುದಿಲ್ಲ ಎಂಬುದನ್ನು ಗೃಹಿಣಿಯರು ಗಮನದಲ್ಲಿಡಬೇಕು.

ಸಿಂಕಿನ ಕೆಳಗಿನ ಕೊಳವೆಯಲ್ಲಿ ಒಂದು ಬಾಗು ಇರುತ್ತದೆ. ಅದರಲ್ಲಿ ಸದಾ ನಿಲ್ಲುವ ಸ್ವಲ್ಪ ನೀರು ಚರಂಡಿಯ ದುರ್ಗಂಧವು ಮನೆಯೊಳಗೆ ಬಾರದಂತೆ ತಡೆಯುತ್ತದೆ. ಎಣ್ಣೆ, ತುಪ್ಪಗಳ ಜಿಡ್ಡು ಇಲ್ಲಿ ತಣಿದು ಹೆಪ್ಪುಗಟ್ಟುತ್ತದೆ. ಅರೆದ ಅನ್ನವು ಗಂಜಿಯಂತೆ ಅದಕ್ಕೆ ಅಂಟುತ್ತದೆ. ನೀರಿನ ದಾರಿ ದಿನೇ ದಿನೇ ಕಿರಿದಾಗುತ್ತದೆ.

ಪರಿಹಾರವನ್ನು ಕ್ರಮವಾಗಿ ಕೈಗೊಳ್ಳಬೇಕು. ಮೊದಲು ಯಂತ್ರದ ಸ್ವಿಚ್ಚನ್ನು ಆರಿಸಿ, ಪ್ಲಗ್ಗನ್ನು ಕಿತ್ತಿಡಿ. ಬ್ಯಾಟರಿ ದೀಪದ ಬೆಳಕಿನಲ್ಲಿ ಒಳಗೆ ನೋಡಿ, ಚಮಚವೋ ನಾರೋ ಸಿಕ್ಕಿಕೊಂಡಿದ್ದರೆ ಇಕ್ಕಳದಿಂದ ತೆಗೆಯಿರಿ. ಕೈಯನ್ನು ಎಂದಿಗೂ ಹಾಕಬೇಡಿ. ಬಳಿಕ ರಬ್ಬರಿನ ಪ್ಲಂಜರನ್ನು ರಂಧ್ರದ ಮೇಲಿಟ್ಟು, ಅದರ ಬಟ್ಟಲು ಮುಳುಗುವಷ್ಟು ನೀರಿರುವಾಗ ಹತ್ತಾರು ಸಲ ಒತ್ತಿ ಎಳೆಯಿರಿ. ಜೋಡಿ ಸಿಂಕಾದರೆ ಇನ್ನೊಂದರ ರಂಧ್ರವನ್ನು ಒದ್ದೆ ಬಟ್ಟೆಯಿಂದ ಬಿಗಿಯಾಗಿ ಮುಚ್ಚಬೇಕು. ಇದರಿಂದಲೂ ಸರಿಹೋಗದಿದ್ದರೆ ಕೆಳಗೆ ಬಕೆಟ್ ಇರಿಸಿ, ಬಾಗಿನ ತಿರುಪುಗಳನ್ನು ಸಡಿಲಿಸಿ ಬಿಚ್ಚಿ, ಹಳೆಯ ಬ್ರಷ್ಷಿನಿಂದ ಉಜ್ಜಿ ತೊಳೆದು ಮತ್ತೆ ಜೋಡಿಸಿರಿ. ಬಾಗು ಶುಚಿಯಾಗಿದ್ದೂ ನೀರು ನಿಂತರೆ, ಅಡ್ಡಿಯು ಗೋಡೆಯೊಳಗಿನ ಅಥವಾ ಕಟ್ಟಡದ ಸಾಮಾನ್ಯ ಕೊಳವೆಯಲ್ಲಿದೆಯೆಂದು ತಿಳಿಯಬೇಕು. ಆಗ ಸೊಸೈಟಿಯ ಕಾರ್ಯದರ್ಶಿಗಳಿಗೆ ತಿಳಿಸುವುದೇ ಉಚಿತ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಕೊಳವೆ ಶುಚಿಗೊಳಿಸಲು ಮಾರುವ ಅನೇಕ ಪುಡಿಗಳಲ್ಲಿರುವುದು ಕಾಸ್ಟಿಕ್ ಸೋಡ. ಅದು ನೀರಿನೊಡನೆ ಸೇರಿದಾಗ ತೀವ್ರವಾಗಿ ಕಾಯುತ್ತದೆ. ಸಿಡಿದರೆ ಚರ್ಮವನ್ನು ಸುಡುತ್ತದೆ, ಕಣ್ಣಿನ ದೃಷ್ಟಿಯನ್ನೇ ಕಳೆಯಬಲ್ಲದು. ನಿಂತ ನೀರಿಗೆ ಅದನ್ನು ಸುರಿಯುವುದು, ಸುರಿದ ಮೇಲೆ ಪ್ಲಂಜರ್ ಒತ್ತುವುದು ಅಥವಾ ಬಾಗನ್ನು ಬಿಚ್ಚುವುದು ಅಪಾಯಕರ. ಈಗಾಗಲೇ ಸುರಿದಿದ್ದರೆ ಬರುವ ಪ್ಲಂಬರನಿಗೆ ಮೊದಲೇ ತಿಳಿಸಬೇಕು. ಶೌಚಾಲಯಕ್ಕೆ ಬಳಸುವ ಆಮ್ಲವನ್ನು ಬ್ಲೀಚಿನೊಡನೆ ಬೆರೆಸಿದರಂತೂ ಕ್ಲೋರಿನ್ ವಿಷಾನಿಲವೇ ಹೊರಡುತ್ತದೆ. ಕಣ್ಣಿಗೆ ಸಿಡಿದಲ್ಲಿ ಒಡನೆಯೇ ಹರಿಯುವ ನೀರಿನಲ್ಲಿ ಕನಿಷ್ಠ 20 ನಿಮಿಷ ತೊಳೆದು, ವಿಳಂಬವಿಲ್ಲದೆ ವೈದ್ಯರಲ್ಲಿಗೆ ಹೋಗಬೇಕು. ಇಂಥ ಡಬ್ಬಿಗಳು ಮಕ್ಕಳ ಕೈಗೆ ಎಟುಕದಂತಿರಲಿ.

ಮುನ್ನೆಚ್ಚರಿಕೆಯೇ ಮೇಲಾದ ಉಪಾಯ. ಎಣ್ಣೆಯ ಪಾತ್ರೆಯನ್ನು ತೊಳೆಯುವ ಮುನ್ನ ಹಳೆಯ ಕಾಗದದಿಂದ ಒರೆಸಿರಿ. ಮಿಕ್ಕ ಅನ್ನ, ತೆಂಗಿನ ನಾರು, ಜಗಿದ ನುಗ್ಗೆಕಾಯಿಯ ಸಿಪ್ಪೆ, ಬಾಳೆಯ ಸಿಪ್ಪೆ, ಕಾಫಿಯ ಚರಟ, ಇವು ಯಂತ್ರಕ್ಕೆ ಸಲ್ಲವು. ಹಸಿಕಸದ ಡಬ್ಬಿಗೇ ಸಲ್ಲಬೇಕು. ಯಂತ್ರ ನಡೆಸುವಾಗ ತಣ್ಣೀರನ್ನೇ ಧಾರಾಳವಾಗಿ ಬಿಡಿ. ಬಿಸಿನೀರು ಜಿಡ್ಡನ್ನು ಕರಗಿಸಿ ಮುಂದೆ ಒಯ್ದು ಅಲ್ಲಿ ಹೆಪ್ಪುಗಟ್ಟಿಸುತ್ತದೆ. ಅರೆದು ಮುಗಿದ ಮೇಲೂ ಅರ್ಧ ನಿಮಿಷ ನೀರು ಹರಿಯಲಿ.

ಊಟದ ಬಳಿಕ ಇಷ್ಟು ಶ್ರದ್ಧೆ ವಹಿಸಿದಲ್ಲಿ, ಕಾಸ್ಟಿಕ್ ಸೋಡದ ಡಬ್ಬಿಯು ಅಡಿಗೆಮನೆಯನ್ನು ಪ್ರವೇಶಿಸುವ ಪ್ರಸಂಗವೇ ಒದಗದು.