ರಜೆ ಮುಗಿಸಿ ಬಂದ ಮೇಲಿನ ಎರಡು ವಾರ

ಊರಿಗೆ ಹೊರಡುವ ತಯಾರಿಯಲ್ಲಿ ನಾವೆಲ್ಲ ಪಂಡಿತರೇ. ಯಾವ ವಿಮಾನದಲ್ಲಿ ಎಷ್ಟು ಕಿಲೋ ಬಿಡುತ್ತಾರೆ, ಯಾರಿಗೆ ಯಾವ ಚಾಕೊಲೇಟು, ಯಾರ ಮದುವೆಗೆ ಯಾವ ಸೀರೆ, ಎಲ್ಲಕ್ಕೂ ಪಟ್ಟಿ ಇರುತ್ತದೆ. ವಾಪಸು ಬಂದ ಮೇಲಿನ ದಿನಗಳಿಗೆ ಮಾತ್ರ ಯಾವ ಪಟ್ಟಿಯೂ ಇಲ್ಲ. ಭಾನುವಾರ ಇಳಿಯುವುದು, ಸೋಮವಾರ ಆಫೀಸಿಗೆ ಓಡುವುದು. "ರಜೆ ಹೇಗಿತ್ತು?" ಎಂದು ಕೇಳಿದವರಿಗೆ "ಚೆನ್ನಾಗಿತ್ತು" ಎಂದು ಒಂದೇ ಪದದಲ್ಲಿ ಹೇಳಿ, ಒಂದು ಸಾವಿರ ಇ-ಮೇಲುಗಳ ಮುಂದೆ ಕೂರುವುದು!

ಆಮೇಲೆ ಶುರುವಾಗುತ್ತದೆ ನೋಡಿ. ಬೆಳಗಿನ ಜಾವ ಮೂರಕ್ಕೆ ಪಟ್ಟನೆ ಎಚ್ಚರ. ಮಧ್ಯಾಹ್ನ ಮೂರರ ಮೀಟಿಂಗಿನಲ್ಲಿ ತೂಕಡಿಕೆ. ಮಕ್ಕಳ ಮೇಲೆ ಸಿಡುಕು, ಹೆಂಡತಿ ಅಥವಾ ಗಂಡನ ಜೊತೆ ಕಾರಣವಿಲ್ಲದ ಜಗಳ. ಎಲ್ಲಕ್ಕಿಂತ ಮೇಲಾಗಿ, "ಇಲ್ಲಿ ಏನಿದೆ ಅಂತ ಬಂದು ಕೂತಿದ್ದೀವಿ? ಎಲ್ಲ ಬಿಟ್ಟು ಹೋಗೋಣ" ಎಂಬ ಯೋಚನೆ. ಇದರಲ್ಲಿ ದೇಹದ ಪಾಲೆಷ್ಟು, ಮನಸ್ಸಿನ ಪಾಲೆಷ್ಟು? ಎರಡನ್ನೂ ಬೇರೆ ಬೇರೆ ಮಾಡಿ ನೋಡುವುದು ಒಳ್ಳೆಯದು, ಏಕೆಂದರೆ ಎರಡಕ್ಕೂ ಮದ್ದು ಬೇರೆ ಬೇರೆ.

ಮೊದಲು ದೇಹ. 1729ರಲ್ಲಿ ಫ್ರಾನ್ಸಿನ ದ ಮೆರಾನ್ ಎಂಬ ವಿಜ್ಞಾನಿ ನಮ್ಮ ಮುಟ್ಟಿದರೆ ಮುನಿಯ ಜಾತಿಯ ಒಂದು ಗಿಡವನ್ನು ಕತ್ತಲಲ್ಲಿ ಇಟ್ಟು ನೋಡಿದ. ಬಿಸಿಲು ಕಾಣದಿದ್ದರೂ ಎಲೆಗಳು ಹಗಲಿನ ಹೊತ್ತಿಗೆ ಅರಳಿ, ರಾತ್ರಿಯ ಹೊತ್ತಿಗೆ ಮುದುಡುತ್ತಿದ್ದವು. ಅಂದರೆ ಕಾಲದ ಲೆಕ್ಕ ಗಿಡದ ಒಳಗೇ ಇತ್ತು. ಅಂಥದೇ ಗಡಿಯಾರ ನಮ್ಮೊಳಗೂ ಇದೆ. ಎರಡು ಕಣ್ಣುಗಳ ನರಗಳು ಹಾದುಹೋಗುವ ಜಾಗಕ್ಕೆ ಸ್ವಲ್ಪ ಮೇಲೆ, ಮೆದುಳಿನಲ್ಲಿ ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗೊಂಚಲು ಇದರ ಯಜಮಾನ. ಇಂಥ ಗಡಿಯಾರವನ್ನು ಜೀನುಗಳು ಹೇಗೆ ನಡೆಸುತ್ತವೆ ಎಂದು ಹಣ್ಣಿನ ನೊಣಗಳಲ್ಲಿ ಕಂಡುಹಿಡಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಬಂತು.

ಈ ಗಡಿಯಾರದ ಸ್ವಭಾವ ನನ್ನಂಥ ಸಾಫ್ಟ್‌ವೇರಿನವರಿಗೆ ಬೇಗ ಅರ್ಥವಾಗುತ್ತದೆ. ಕಂಪ್ಯೂಟರುಗಳ ಸಮಯವನ್ನು ಎನ್‌ಟಿಪಿ ಎಂಬ ವ್ಯವಸ್ಥೆ ಎರಡು ರೀತಿಯಲ್ಲಿ ಸರಿಪಡಿಸುತ್ತದೆ. ವ್ಯತ್ಯಾಸ ದೊಡ್ಡದಿದ್ದರೆ ಮುಳ್ಳನ್ನು ಒಂದೇ ಏಟಿಗೆ ಸರಿಯಾದ ಜಾಗಕ್ಕೆ ತಿರುಗಿಸುತ್ತದೆ. ಚಿಕ್ಕದಿದ್ದರೆ ಗಡಿಯಾರವನ್ನೇ ಕೂದಲೆಳೆಯಷ್ಟು ಜೋರಾಗಿ ಅಥವಾ ನಿಧಾನವಾಗಿ ಓಡಿಸಿ ಮೆಲ್ಲಗೆ ದಾರಿಗೆ ತರುತ್ತದೆ. ಸಾಮಾನ್ಯವಾಗಿ 128 ಮಿಲಿಸೆಕೆಂಡು ದಾಟಿದರೆ ಮೊದಲ ರೀತಿ. ನಮ್ಮ ದೇಹಕ್ಕೆ ಈ ಮೊದಲ ರೀತಿ ಗೊತ್ತೇ ಇಲ್ಲ. ವ್ಯತ್ಯಾಸ ಹದಿಮೂರು ಗಂಟೆಯದಾದರೂ ಅದು ದಿನಕ್ಕೆ ಸುಮಾರು ಒಂದು, ಹೆಚ್ಚೆಂದರೆ ಒಂದೂವರೆ ಗಂಟೆಯಷ್ಟೇ ಸರಿಯುತ್ತದೆ. "ಎರಡು ದಿನದಲ್ಲಿ ಸರಿಹೋಗ್ತೀನಿ" ಎನ್ನುವುದು ನಮ್ಮ ಉತ್ಸಾಹ. ಹತ್ತು ಹನ್ನೆರಡು ದಿನ ಎನ್ನುವುದು ಲೆಕ್ಕ.

ಇನ್ನು ಆ ಎರಡು ಮೂರು ಗಂಟೆಗಳ ಗುಟ್ಟು. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾಕ್ಕೂ ಊರಿಗೂ ಹದಿಮೂರೂವರೆ ಗಂಟೆಯ ಅಂತರ. ಇಲ್ಲಿ ಬೆಳಗಿನ ಜಾವ ಮೂರು ಎಂದರೆ ಅಲ್ಲಿ ಸಂಜೆ ನಾಲ್ಕೂವರೆ. ಕಾಫಿ, ಬಿಸಿ ಬೋಂಡಾದ ಹೊತ್ತು! ಎಚ್ಚರವಾಗದೆ ಇನ್ನೇನು? ಇಲ್ಲಿ ಮಧ್ಯಾಹ್ನ ಮೂರು ಎಂದರೆ ಅಲ್ಲಿ ಬೆಳಗಿನ ಜಾವ ನಾಲ್ಕೂವರೆ. ದೇಹದ ಉಷ್ಣತೆ ಇಡೀ ದಿನದಲ್ಲೇ ಅತಿ ಕಡಿಮೆ ಇರುವುದು ಹೆಚ್ಚುಕಡಿಮೆ ಆ ಹೊತ್ತಿಗೆ. ಅಂದರೆ ಮೀಟಿಂಗಿನಲ್ಲಿ ತೂಕಡಿಸುವವರು ಸೋಮಾರಿಗಳಲ್ಲ, ಅವರ ಒಳಗಡಿಯಾರದ ಪ್ರಕಾರ ಇನ್ನೂ ಹಾಲಿನವನು ಬಂದಿಲ್ಲ ಅಷ್ಟೇ. ನ್ಯೂಜೆರ್ಸಿಯವರಿಗೆ ಅದೇ ಮಧ್ಯಾಹ್ನದ ಮೂರು, ಊರಿನ ರಾತ್ರಿ ಒಂದೂವರೆ.

ಗಡಿಯಾರವನ್ನು ತಳ್ಳುವ ಮುಖ್ಯ ಕೈ ಬೆಳಕು. ಉಷ್ಣತೆ ತಳ ಮುಟ್ಟುವ ಮೊದಲು ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಆಮೇಲೆ ಬಿದ್ದದ್ದು ಮುಂದಕ್ಕೆ. ನಮ್ಮ ಸಹಜ ದಿನ 24 ಗಂಟೆಗಿಂತ ಸ್ವಲ್ಪ ಉದ್ದ, ಹಾಗಾಗಿ ಹಿಂದಕ್ಕೆ ಹೋಗುವುದೇ ಹೆಚ್ಚಿನವರಿಗೆ ಸುಲಭ. ಕ್ಯಾಲಿಫೋರ್ನಿಯಾಕ್ಕೆ ಬಂದಿಳಿದ ಮೊದಲ ದಿನಗಳಲ್ಲಿ ಈ ತಳ ಬೀಳುವುದು ಮಧ್ಯಾಹ್ನ ಮೂರರ ಸುಮಾರಿಗೆ. ಆದ್ದರಿಂದ ಬೆಳಿಗ್ಗೆಯಿಂದ ಊಟದ ಹೊತ್ತಿನವರೆಗೆ ಆದಷ್ಟೂ ಹೊರಗಿರಿ, ಊಟದ ಬಿಡುವಿನಲ್ಲಿ ಬಿಸಿಲಲ್ಲಿ ನಡೆಯಿರಿ. ರಾತ್ರಿ ಎಚ್ಚರವಾದಾಗ ದೀಪ ಹಾಕಿ ಫೋನು ಹಿಡಿಯಬೇಡಿ.

ಎರಡನೆಯ ಕೈ ಊಟ. ಯಕೃತ್ತಿಗೂ ಕರುಳಿಗೂ ತಮ್ಮದೇ ಚಿಕ್ಕ ಗಡಿಯಾರಗಳಿವೆ, ಅವು ಊಟದ ಹೊತ್ತನ್ನು ನೋಡಿ ನಡೆಯುತ್ತವೆ. ಮೂರು ಗಂಟೆಗೆ ಎದ್ದು ಅಮ್ಮ ಕಟ್ಟಿಕೊಟ್ಟ ಕೋಡುಬಳೆ ಡಬ್ಬಿ ತೆಗೆದರೆ, ಅವಕ್ಕೆ ನಾವಿನ್ನೂ ಊರಲ್ಲೇ ಇದ್ದೇವೆ ಎಂದು ಹೇಳಿದಂತಾಯಿತು. ಕಾಫಿಯನ್ನು ಮಧ್ಯಾಹ್ನದೊಳಗೆ ಮುಗಿಸಿ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು. ಮತ್ತೊಂದು ಮಾತು, ಇದು ತಮಾಷೆಯಲ್ಲ: ಮೊದಲ ವಾರ ಸಂಜೆಯ ಟ್ರಾಫಿಕ್ಕಿನಲ್ಲಿ ಕಾರು ನಡೆಸುವಾಗ ಬಹಳ ಎಚ್ಚರ. ಆಗುವುದಾದರೆ ರೈಲು ಹಿಡಿಯಿರಿ, ಇಲ್ಲವೇ ಮನೆಯಿಂದಲೇ ಕೆಲಸ ಮಾಡಿ.

ಇಷ್ಟು ದೇಹದ ವಿಷಯ. ಇನ್ನು ಮನಸ್ಸು.

1688ರಲ್ಲಿ ಯೊಹಾನೆಸ್ ಹೋಫರ್ ಎಂಬ ವೈದ್ಯವಿದ್ಯಾರ್ಥಿ, ಪರದೇಶದಲ್ಲಿದ್ದ ಸ್ವಿಸ್ ಜನರ ಊರಿನ ಹಂಬಲವನ್ನು ಒಂದು ಕಾಯಿಲೆ ಎಂದೇ ಬಗೆದು, 'ಮರಳುವುದು' ಮತ್ತು 'ನೋವು' ಎಂಬ ಎರಡು ಗ್ರೀಕ್ ಪದಗಳನ್ನು ಕೂಡಿಸಿ 'ನಾಸ್ಟಾಲ್ಜಿಯಾ' ಎಂಬ ಹೆಸರು ಕಟ್ಟಿದ. ನಮ್ಮಲ್ಲಿ ಇದಕ್ಕೆ ಕಾಯಿಲೆಯ ಹೆಸರಿಲ್ಲ, ಬದಲಿಗೆ ಒಂದು ಪದ್ಧತಿಯೇ ಇದೆ. ತವರಿನಿಂದ ಹೊರಟ ಮಗಳಿಗೆ ಅಕ್ಕಿ, ಕಾಯಿ, ಅರಿಶಿನ ಕುಂಕುಮ ಇಟ್ಟು ಮಡಿಲು ತುಂಬಿ ಕಳಿಸುತ್ತಾರೆ. ಅವಳು ಗಂಡನ ಮನೆಗೆ ಬಂದ ನಾಲ್ಕು ದಿನ ಮಂಕಾಗಿದ್ದರೆ "ತವರಿಂದ ಬಂದಿದಾಳೆ, ಬಿಡಿ" ಎಂದು ತಿಳಿದವರು ಸುಮ್ಮನಿರುತ್ತಾರೆ. ಇಲ್ಲಿ ನಾವೆಲ್ಲ, ಗಂಡಸರೂ ಸೇರಿ, ತವರಿಂದ ಬಂದವರೇ. ಇಪ್ಪತ್ತಮೂರು ಕಿಲೋದ ಪೆಟ್ಟಿಗೆಯೇ ನಮ್ಮ ಮಡಿಲು. ಆದರೆ "ಬಿಡಿ" ಎನ್ನುವವರು ಆಫೀಸಿನಲ್ಲಿ ಯಾರೂ ಇಲ್ಲ. ಅದನ್ನು ನಮಗೆ ನಾವೇ ಹೇಳಿಕೊಳ್ಳಬೇಕು.

ನಿದ್ದೆಗೆಟ್ಟ ಮೆದುಳು ಚಿಕ್ಕದನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಮೂರು ಗಂಟೆಯ ಕತ್ತಲಲ್ಲಿ ಮ್ಯಾನೇಜರು ರಾಕ್ಷಸ, ನೌಕರಿ ನರಕ, ಅಪ್ಪ ಅಮ್ಮ ಅನಾಥರು, ನಾವು ಪಾಪಿಗಳು. ಇದೆಲ್ಲ ಬರೀ ಜೆಟ್ ಲ್ಯಾಗ್ ಎಂದು ಕೊಡವಿ ಏಳುವವರಿದ್ದಾರೆ. ಇದೇ ಸತ್ಯ ಎಂದು ಅದೇ ವಾರ ರಾಜೀನಾಮೆ ಬರೆಯುವವರೂ ಇದ್ದಾರೆ. ಎರಡೂ ಅವಸರವೇ ಎಂದು ನನ್ನ ಅನಿಸಿಕೆ.

ನಮ್ಮ ಮನೆಯಲ್ಲಿ ಒಂದು ನೋಟ್‌ಬುಕ್ ಇದೆ. ಊರಿಂದ ಬಂದ ಮೊದಲ ವಾರ ಮನಸ್ಸಿಗೆ ಬಂದದ್ದನ್ನೆಲ್ಲ ನಾನೂ ನನ್ನ ಹೆಂಡತಿಯೂ ತಾರೀಖು ಹಾಕಿ ಅದರಲ್ಲಿ ಬರೆಯುತ್ತೇವೆ. ಚರ್ಚೆ ಇಲ್ಲ, ತೀರ್ಮಾನ ಇಲ್ಲ. ಮೂರು ವಾರ ಕಳೆದ ಮೇಲೆ, ಚೆನ್ನಾಗಿ ನಿದ್ದೆ ಮಾಡಿದ ಒಂದು ಶನಿವಾರ, ಕಾಫಿ ಹಿಡಿದು ಕೂತು ಓದುತ್ತೇವೆ. ಹೆಚ್ಚಿನ ಸಾಲುಗಳನ್ನು ಓದಿ ನಗು ಬರುತ್ತದೆ. "ಕೆಲಸ ಬಿಟ್ಟು ಊರಲ್ಲಿ ಅಡಿಕೆ ತೋಟ" ಎಂಬ ಸಾಲು ಮೂರು ಸಲ ಬಂದಿದೆ, ಮೂರು ಸಲವೂ ಹೊಡೆದುಹಾಕಿದ್ದೇವೆ.

ಕಳೆದ ಸಲ ಒಂದು ಸಾಲು ಮಾತ್ರ ಹೊಡೆದುಹಾಕಲು ಆಗಲಿಲ್ಲ. "ಅಮ್ಮನಿಗೆ ಕಿವಿ ಮಂದವಾಗಿದೆ. ಫೋನಿನಲ್ಲಿ ಹೂಂ ಹೂಂ ಅನ್ನುವುದು ಕೇಳಿಸಿದ್ದಕ್ಕಲ್ಲ" ಎಂದು ನನ್ನ ಅಕ್ಷರದಲ್ಲೇ ಇತ್ತು. ನಾಲ್ಕು ವಾರ ಒಂದೇ ಸೂರಿನಡಿ ಇದ್ದದ್ದರಿಂದಷ್ಟೇ ಗೊತ್ತಾದ ವಿಷಯ ಅದು. ಚೆನ್ನಾಗಿ ನಿದ್ದೆ ಮಾಡಿದ ಮೇಲೂ ಅದು ಅಷ್ಟೇ ನಿಜವಾಗಿತ್ತು. ತಂಗಿಗೆ ಹೇಳಿ ಕಿವಿಯ ಪರೀಕ್ಷೆ ಮಾಡಿಸಿದೆವು, ಯಂತ್ರ ಬಂತು. ಶನಿವಾರ ಸಂಜೆ ಏಳೂವರೆಗೆ, ಅಂದರೆ ಅಮ್ಮನ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ, ಈಗ ವಿಡಿಯೋದಲ್ಲೇ ಮಾತು, ತುಟಿ ಕಾಣಲಿ ಎಂದು. ವರ್ಷಕ್ಕೆ ಒಂದೇ ಉದ್ದದ ರಜೆಯ ಬದಲು ಎರಡು ಚಿಕ್ಕ ರಜೆ ಎಂದೂ ತೀರ್ಮಾನವಾಯಿತು. ಊರಿಗೆ ಮರಳುವ ದೊಡ್ಡ ಪ್ರಶ್ನೆ ಹಾಗೇ ಉಳಿದಿದೆ. ಆದರೆ ಅದರೊಳಗಿದ್ದ ಒಂದು ಚಿಕ್ಕ, ಮಾಡಲೇಬೇಕಾದ ಕೆಲಸ ಕೈಗೆ ಸಿಕ್ಕಿತು.

ಆದ್ದರಿಂದ ಈ ಸಲ ಊರಿಂದ ಬಂದ ಮೇಲೆ ದೇಹಕ್ಕೆ ಬಿಸಿಲು, ಹೊತ್ತಿಗೆ ಸರಿಯಾಗಿ ಊಟ, ಹನ್ನೆರಡು ದಿನದ ತಾಳ್ಮೆ ಕೊಡಿ. ಮನಸ್ಸಿಗೆ ಒಂದು ನೋಟ್‌ಬುಕ್ ಕೊಡಿ. ಇಪ್ಪತ್ತೊಂದನೆಯ ದಿನ ಅದನ್ನು ತೆರೆದಾಗ ಉಳಿದ ಸಾಲು ಯಾವುದೆಂದು ನೋಡಿ. ಊರು ನಿಮಗೆ ನಿಜವಾಗಿ ಹೇಳಿ ಕಳಿಸಿದ್ದು ಅದೇ ಇದ್ದೀತು. ಏನಂತೀರಿ?