ಪ್ರಶ್ನೆ ಕೇಳೋರು ಯಾರು?

ಎಂಜಿನಿಯರಿಂಗ್ ಓದುವಾಗ ಕಲಿತದ್ದರಲ್ಲಿ ಒಂದು ಮಾತ್ರ ನೆಟ್ಟಗೆ ನೆನಪಿದೆ: ಅಳೆಯೋ ಸಾಧನವೇ ಅಳತೆಯನ್ನು ಕೆಡಿಸಬಹುದು. ಲೈಂಗಿಕ ಆರೋಗ್ಯದ ಸಮೀಕ್ಷೆಯಲ್ಲಿ ಆ ಸಾಧನ ಅಂದ್ರೆ ಪ್ರಶ್ನೆ ಕೇಳೋ ಮನುಷ್ಯ. ಗುರುತಿಲ್ಲದವರು ಫೈಲು ಹಿಡಿದು ಬಂದು ‘ಕಾಂಡೋಮ್ ಬಳಸಿದ್ರಾ?’ ಅಂದ್ರೆ, ಇಲ್ಲ ಅನ್ನೋರು ಎಷ್ಟು ಜನ?

ಇದಕ್ಕೆ ಕರ್ನಾಟಕದ ಎಚ್‌ಐವಿ ತಡೆ ಕಾರ್ಯಕ್ರಮಗಳಲ್ಲಿ ಬಳಸಿದ ಉಪಾಯ ‘ಪೋಲಿಂಗ್ ಬೂತ್ ಸರ್ವೆ’. ಒಂದೇ ಕೋಣೆಯಲ್ಲಿ ಸಣ್ಣ ಗುಂಪು, ಒಬ್ಬೊಬ್ಬರಿಗೂ ಮತಗಟ್ಟೆಯಂಥ ಮರೆ. ಪ್ರಶ್ನೆಯನ್ನು ಗಟ್ಟಿಯಾಗಿ ಓದುತ್ತಾರೆ. ಅದರ ನಂಬರಿನ ಚೀಟಿಯನ್ನು ‘ಹೌದು’ ಡಬ್ಬಿಗೋ ‘ಇಲ್ಲ’ ಡಬ್ಬಿಗೋ ಹಾಕಬೇಕು. ಹೆಸರಿಲ್ಲ. ಸಿಗೋದು ಗುಂಪಿನ ಒಟ್ಟು ಲೆಕ್ಕ ಅಷ್ಟೇ. ಮುಖಾಮುಖಿ ಸಂದರ್ಶನದಲ್ಲಿ ಮುಚ್ಚಿಟ್ಟ ಎಷ್ಟೋ ಸಂಗತಿ ಹೀಗೆ ಹೊರಬಂತು. ಮಿತಿಯೂ ಇದೆ: ಕಾಂಡೋಮ್ ಹರಿದವರೇ ಕ್ಲಿನಿಕ್ಕಿಗೆ ಹೋದ್ರಾ ಅಂತ ಜೋಡಿಸಿ ನೋಡೋಕಾಗಲ್ಲ.

ಡಬ್ಬಿ ಇಟ್ಟರೆ ಸಾಲದು, ಪ್ರಶ್ನೆಯೂ ಅವರ ಭಾಷೆಯಲ್ಲಿರಬೇಕು. ‘ಲೈಂಗಿಕ ಸಂಗಾತಿ’ ಅಂತ ಮನೇಲಿ ಯಾರು ಮಾತಾಡ್ತಾರೆ? ಸಮುದಾಯದವರಿಗೇ ತರಬೇತಿ ಬೇಕಾಗೋದು ಇಲ್ಲಿ. ಮೈಸೂರಿನ ಆಶೋದಯ ಸಮಿತಿಯಲ್ಲಿ ಲೈಂಗಿಕ ಕಾರ್ಯಕರ್ತರು ಸಂಶೋಧನೆಯಲ್ಲೂ ಪಾಲುದಾರರು. ಪದ ಆರಿಸೋದು, ಒಪ್ಪಿಗೆ ಕೇಳೋದು ಕಲಿಯಬಹುದು. ಪಕ್ಕದ ಮನೆಯವರ ಗುಟ್ಟು ಗೊತ್ತಾಗಿಯೂ ಬಾಯಿ ಬಿಡದಿರೋದು? ಅದೇ ಕಷ್ಟ. ಅಷ್ಟು ಕಷ್ಟದ ಕೆಲಸಕ್ಕೆ ‘ಸ್ವಯಂಸೇವೆ’ ಅಂತ ಹೆಸರಿಟ್ಟು ಬಸ್ ಚಾರ್ಜ್ ಕೊಟ್ಟು ಕಳಿಸೋದನ್ನ ನಾನಂತೂ ಒಪ್ಪಲ್ಲ. ಸಂಬಳ ಕೊಡಿ. ವರದಿ ಇಂಗ್ಲಿಷಿನಲ್ಲಿ ಅಚ್ಚಾಗೋ ಮೊದಲು, ಚೀಟಿ ಹಾಕಿದವರ ಮುಂದೆ ಕನ್ನಡದಲ್ಲಿ ಓದಿ.